ಲ್ಯಾಂಡ್ ರೋವರಿನ ಮುಪ್ಪು

ಯಂತ್ರಕ್ಕೆ ಮುಪ್ಪು ಬರುವುದು ಸವೆತದಿಂದ; ಯಂತ್ರದ ವಿನ್ಯಾಸಕ್ಕಾದರೋ ತಾನು ಒಂದಿಷ್ಟೂ ಸವೆಯದೆಯೇ, ಸುತ್ತಲಿನ ಕಾನೂನು, ಕೂಲಿಯ ದರ, ಕೊಳ್ಳುವವರ ಅಭಿರುಚಿ ಇವು ಬದಲಾದ ಮಾತ್ರಕ್ಕೇ ಮುಪ್ಪು ಬಂದುಬಿಡುತ್ತದೆ. ಸವೆದ ಗೇರನ್ನು ತೆಗೆದು ಹೊಸದನ್ನು ಕೂರಿಸಿದರೆ ವಾಹನ ಮತ್ತೆ ಓಡುತ್ತದೆ, ಆದರೆ ಮುಪ್ಪಾದ ವಿನ್ಯಾಸವನ್ನು ತಿದ್ದಬೇಕೋ ನಿಲ್ಲಿಸಬೇಕೋ ಎಂಬುದು ಎಂಜಿನಿಯರುಗಳು, ಲೆಕ್ಕಪತ್ರದವರು, ಅಭಿಮಾನಿಗಳು ಮೂವರೂ ತಮ್ಮ ತಮ್ಮ ಪಟ್ಟು ಬಿಡದ ವ್ಯಾಜ್ಯವಾಗುತ್ತದೆ. ಪೇಟೆಯ ಕಾರು ಹಳತಾಗಿ ಮರೆಯಾದರೆ ಯಾರೂ ಹಲುಬುವುದಿಲ್ಲ. ರಸ್ತೆಯಿಲ್ಲದ ಕಡೆ ಓಡಲೆಂದೇ ಕಟ್ಟಿದ ವಾಹನ ಮರೆಯಾದಾಗ ಮಾತ್ರ ಅದನ್ನು ಎಂದೂ ಕೊಳ್ಳದವರೂ ಕಣ್ಣೀರಿಡುವುದುಂಟು. ಬ್ರಿಟನ್ನಿನ ಲ್ಯಾಂಡ್ ರೋವರ್ ಡಿಫೆಂಡರ್ ಈ ವ್ಯಾಜ್ಯದ ಅತ್ಯಂತ ದೀರ್ಘ ಪ್ರಕರಣವಾಗಿದ್ದು, 2008ರಲ್ಲಿ ಟಾಟಾ ಮೋಟರ್ಸ್ ಆ ಕಂಪನಿಯನ್ನು ಫೋರ್ಡ್‌ನಿಂದ ಕೊಂಡ ಮೇಲೆ ಅದರ ಕಡೆಯ ತೀರ್ಪನ್ನು ಕೊಡುವ ಹೊಣೆ ಭಾರತದ ಒಂದು ಉದ್ಯಮ ಸಮೂಹದ ಹೆಗಲಿಗೆ ಬಂದಿತು.

ಈ ವಾಹನ ಹುಟ್ಟಿದ್ದೇ ತಾತ್ಕಾಲಿಕ ಏರ್ಪಾಡಾಗಿ. ರೋವರ್ ಕಂಪನಿಯ ಮುಖ್ಯ ವಿನ್ಯಾಸಕ ಮಾರಿಸ್ ವಿಲ್ಕ್ಸ್ ವೇಲ್ಸಿನ ಆಂಗ್ಲೆಸಿ ದ್ವೀಪದಲ್ಲಿದ್ದ ತಮ್ಮ ಜಮೀನಿನ ಕೆಲಸಕ್ಕೆ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಉಳಿದುಹೋದ ಅಮೆರಿಕದ ವಿಲ್ಲಿಸ್ ಜೀಪೊಂದನ್ನು ಬಳಸುತ್ತಿದ್ದರು. ಅದು ಕೈಕೊಟ್ಟರೆ ಬದಲಿಗೆ ಕೊಳ್ಳಲು ಬ್ರಿಟನ್ನಿನಲ್ಲಿ ಅಂಥದೊಂದು ವಾಹನವೇ ಇರಲಿಲ್ಲವಾದ್ದರಿಂದ, 1947ರಲ್ಲಿ ಅವರೂ, ಕಂಪನಿಯ ವ್ಯವಸ್ಥಾಪಕ ನಿರ್ದೇಶಕರಾಗಿದ್ದ ಅವರ ಅಣ್ಣ ಸ್ಪೆನ್ಸರ್ ವಿಲ್ಕ್ಸ್ ಅವರೂ ಕೂಡಿ ಅದನ್ನು ತಾವೇ ತಯಾರಿಸುವ ನಿರ್ಧಾರಕ್ಕೆ ಬಂದರು. ಯುದ್ಧಾನಂತರದ ಬ್ರಿಟನ್ನಿನಲ್ಲಿ ಉಕ್ಕಿಗೆ ಪಡಿತರವಿತ್ತು, ವಿಮಾನ ಕಾರ್ಖಾನೆಗಳಿಂದ ಮಿಕ್ಕ ಅಲ್ಯೂಮಿನಿಯಂ ಧಾರಾಳವಾಗಿತ್ತು. ಹೀಗಾಗಿ ಚಾಸಿಗೆ ಉಕ್ಕು, ಮೈಗೆ ಬರ್ಮಾಬ್ರೈಟ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹ ಎಂದಾಯಿತು. ಮೊದಲ ವಾಹನಗಳ ತಿಳಿಹಸಿರು ಬಣ್ಣವೂ ಯುದ್ಧವಿಮಾನಗಳಿಗೆಂದು ತಂದು ಮಿಕ್ಕಿದ್ದ ಬಣ್ಣವೇ. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಮೋಟಾರು ಪ್ರದರ್ಶನದಲ್ಲಿ ಇದನ್ನು ಜನರ ಮುಂದಿಟ್ಟಾಗ, ಕಾರುಗಳ ವ್ಯಾಪಾರ ಚೇತರಿಸಿಕೊಳ್ಳುವ ತನಕ ಎರಡು ಮೂರು ವರ್ಷ ಕಾರ್ಖಾನೆಯ ಒಲೆ ಉರಿದರೆ ಸಾಕೆಂಬುದು ಕಂಪನಿಯ ಎಣಿಕೆಯಾಗಿತ್ತು. ಆ ಎರಡು ಮೂರು ವರ್ಷ 68 ವರ್ಷಗಳಷ್ಟು ಉದ್ದಕ್ಕೆ ಬೆಳೆಯಿತು.

ತಾತ್ಕಾಲಿಕವೆಂದು ಕಟ್ಟಿದ್ದರಲ್ಲಿ ಒಂದು ಅನುಕೂಲವೂ ಇತ್ತು. ದೊಡ್ಡ ಅಚ್ಚುಗಳಿಗೆ ಹಣ ಹಾಕಲು ಮನಸ್ಸಿಲ್ಲದೆ ಚಪ್ಪಟೆ ತಗಡುಗಳನ್ನು ಸರಳವಾಗಿ ಬಾಗಿಸಿ ಮೈ ಕಟ್ಟಿದ್ದರಿಂದ ಅದನ್ನು ಬಿಚ್ಚಿ ಜೋಡಿಸುವುದೂ ಅಷ್ಟೇ ಸರಳವಾಯಿತು. ಮುಂದಿನ ಮಡ್‌ಗಾರ್ಡು ಬೋಲ್ಟುಗಳಿಂದ ಬಿಗಿದದ್ದು; ಮರಕ್ಕೆ ತಾಗಿ ಜಜ್ಜಿಹೋದರೆ ಬೋಲ್ಟು ಬಿಚ್ಚಿ, ನೆಲದ ಮೇಲಿಟ್ಟು, ಮರದ ಸುತ್ತಿಗೆಯಿಂದ ಬಡಿದು ಮತ್ತೆ ಕೂರಿಸಬಹುದು. ಬಾಗಿಲಿನ ಕೀಲುಗಳು ಹೊರಗಡೆಯೇ ಇದ್ದವು. ಮುಂದಿನ ಗಾಜು ಚಪ್ಪಟೆಯಾದುದರಿಂದ ಊರಿನ ಗಾಜಿನಂಗಡಿಯಲ್ಲೂ ಕತ್ತರಿಸಿಕೊಡುತ್ತಿದ್ದರು. ಚಾಸಿ ಏಣಿಯಾಕಾರದ್ದು, ಅಂದರೆ ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ಅವನ್ನು ಅಡ್ಡಡ್ಡಲಾಗಿ ಹಿಡಿದಿಡುವ ಮೆಟ್ಟಿಲುಗಳಂಥ ಪಟ್ಟಿಗಳು. ಮೈಯನ್ನೆಲ್ಲ ಕಿತ್ತೆಸೆದರೂ ಎಂಜಿನ್ನು, ಗಾಲಿ, ಸ್ಟೇರಿಂಗು ಇದರ ಮೇಲೆಯೇ ನಿಂತು ಓಡಬಲ್ಲವು. ಎಂಜಿನ್ನಿನ ಶಕ್ತಿಯನ್ನು ಗಾಲಿಗಲ್ಲದೆ ಹೊರಗಿನ ಯಂತ್ರಕ್ಕೂ ಕೊಡುವ ಪವರ್ ಟೇಕ್ ಆಫ್ ಎಂಬ ಸಲಕರಣೆಯನ್ನು ಜೋಡಿಸಿಕೊಂಡ ರೈತ ಅದರಿಂದಲೇ ಒಕ್ಕಣೆ ಯಂತ್ರವನ್ನೂ ಮರ ಕೊಯ್ಯುವ ಗರಗಸವನ್ನೂ ನಡೆಸುತ್ತಿದ್ದ. ಒಟ್ಟಿನಲ್ಲಿ ಕಾರ್ಖಾನೆ ಮುಕ್ಕಾಲು ಪಾಲು ಮುಗಿಸಿ ಕಳಿಸಿದ ವಾಹನವನ್ನು ಮಾಲೀಕ ತನ್ನ ಕೆಲಸಕ್ಕೆ ತಕ್ಕಂತೆ ಪೂರ್ತಿ ಮಾಡಿಕೊಳ್ಳಬೇಕಿತ್ತು, ಮತ್ತು ಈ ಉಳಿದ ಕಾಲು ಪಾಲಿನಲ್ಲಿಯೇ ಅದರ ನಿಜವಾದ ಗುಣವಿತ್ತೆಂದು ಹೇಳಬೇಕು.

ಇದರ ಸುಖದ ವಿಷಯವನ್ನು ಅಭಿಮಾನಿಗಳು ಹೇಳುವಷ್ಟು ಭಕ್ತಿಯಿಂದ ಹೇಳಲಾಗದು. ಆಸನ ಬಾಗಿಲಿಗೆ ಎಷ್ಟು ಅಂಟಿಕೊಂಡಿತ್ತೆಂದರೆ ತುಸು ಭುಜವಂತರಾದ ಚಾಲಕರು ಕಿಟಕಿ ಇಳಿಸಿ ಮೊಣಕೈಯನ್ನು ಹೊರಗೆ ಹಾಕಿಯೇ ಸ್ಟೇರಿಂಗು ತಿರುಗಿಸಬೇಕಿತ್ತು. ಮಳೆಗಾಲದಲ್ಲಿ ಬಾಗಿಲಿನ ಸಂದಿನಿಂದ ನೀರು ತೊಟ್ಟಿಕ್ಕಿ ಮೊಣಕಾಲನ್ನು ನೆನೆಸುತ್ತಿತ್ತು. ತುಕ್ಕು ಹಿಡಿಯದೆಂದು ಹೊಗಳಿಸಿಕೊಂಡ ಅಲ್ಯೂಮಿನಿಯಂ, ಉಕ್ಕಿಗೆ ತಾಗಿದ ಕಡೆಗಳಲ್ಲಿ ತೇವ ಸೇರಿ ಬಿಳಿ ಪುಡಿಯಾಗಿ ಉದುರುತ್ತಿತ್ತು. ಎರಡು ಬೇರೆ ಬೇರೆ ಲೋಹಗಳ ನಡುವೆ ನಡೆಯುವ ಈ ವಿದ್ಯುತ್-ರಾಸಾಯನಿಕ ಕ್ರಿಯೆಯಲ್ಲಿ ಸೋಲುವುದು ಯಾವಾಗಲೂ ಅಲ್ಯೂಮಿನಿಯಮ್ಮೇ.

1990ರಲ್ಲಿ ಡಿಫೆಂಡರ್ ಎಂಬ ಹೆಸರು ಬಂದದ್ದು ಕೂಡ, ಹಿಂದಿನ ವರ್ಷ ಅದೇ ಕಂಪನಿ ಡಿಸ್ಕವರಿ ಎಂಬ ಇನ್ನೊಂದು ವಾಹನವನ್ನು ತಂದದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಗುರುತಿಸುವ ಅಗತ್ಯ ಬಿದ್ದದ್ದರಿಂದ. ಅಲ್ಲಿಂದ ಮುಂದೆ ನಡೆದದ್ದು ಮರುವಿನ್ಯಾಸವೂ ಅಲ್ಲ, ನಿಲುಗಡೆಯೂ ಅಲ್ಲ, ತೇಪೆ. 1998ರಲ್ಲಿ ವಿದ್ಯುನ್ಮಾನ ನಿಯಂತ್ರಣದ ಐದು ಸಿಲಿಂಡರಿನ ಡೀಸೆಲ್ ಎಂಜಿನ್ನು ಬಂದಾಗ, ಇಂಜೆಕ್ಟರಿನ ತಂತಿಗಳ ಒಳಗೇ ಎಣ್ಣೆ ಹರಿದುಬಂದು ಆಸನದ ಕೆಳಗಿದ್ದ ಕಂಪ್ಯೂಟರ್ ಪೆಟ್ಟಿಗೆಯ ಪ್ಲಗ್ಗನ್ನು ಸೇರುವ ವಿಚಿತ್ರ ರೋಗವೊಂದು ಮೆಕ್ಯಾನಿಕರಿಗೆ ಪರಿಚಯವಾಯಿತು; ಸ್ಪ್ಯಾನರ್ ಹಿಡಿದು ಬೆಳೆದ ಕೈಗಳು ಆ ಪೆಟ್ಟಿಗೆಯ ಮುಂದೆ ಮೊದಲ ಬಾರಿಗೆ ಸುಮ್ಮನೆ ನಿಂತವು. 2007ರಲ್ಲಿ ಫೋರ್ಡ್ ವ್ಯಾನಿನ ಎಂಜಿನ್ನನ್ನು ತುರುಕಲು ಬಾನೆಟ್ಟನ್ನು ಉಬ್ಬಿಸಬೇಕಾಯಿತು. ಅದೇ ವರ್ಷ ಹೊಸ ಡ್ಯಾಶ್‌ಬೋರ್ಡಿಗೆ ಜಾಗ ಮಾಡಲು, ಮುಂದಿನ ಗಾಜಿನ ಕೆಳಗಿದ್ದ, ಸನ್ನೆ ಒತ್ತಿದರೆ ತೆರೆದು ನೇರವಾಗಿ ಮುಖಕ್ಕೆ ಗಾಳಿ ಬಿಡುತ್ತಿದ್ದ ಎರಡು ಮುಚ್ಚಳಗಳನ್ನು ತೆಗೆದರು. ಆದರೆ ತಗಡಿನ ಹಳೆಯ ಅಚ್ಚನ್ನು ಬದಲಿಸದ ಕಾರಣ, ಇಲ್ಲದ ಮುಚ್ಚಳಗಳ ಗೆರೆಗಳು ವಾಹನದ ಹಣೆಯ ಮೇಲೆ ಕೊನೆಯವರೆಗೂ ಮೂಡಿಕೊಂಡೇ ಇದ್ದವು. ತೇಪೆಯ ನೀತಿಗೆ ಇದಕ್ಕಿಂತ ಪ್ರಾಮಾಣಿಕವಾದ ಸಾಕ್ಷಿ ಬೇಕಿಲ್ಲ.

ಕಾನೂನು ಅದನ್ನು ಕೊಂದಿತೆಂಬುದು ಅಭಿಮಾನಿಗಳ ವಾದ, ಮತ್ತು ಅದು ಅರ್ಧ ನಿಜ. ಗಾಳಿಚೀಲ ಹಾಗೂ ಪಕ್ಕದ ಡಿಕ್ಕಿಯನ್ನು ತಡೆಯುವ ಬಾಗಿಲುಗಳ ನಿಯಮಗಳಿಗೆ ಹೊಂದಿಕೊಳ್ಳಲಾರದೆ ಡಿಫೆಂಡರ್ 1997ರಲ್ಲೇ ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದಿತ್ತು. ಯುರೋಪಿನ ಹೊಗೆಯ ನಿಯಮಗಳೂ, ಪಾದಚಾರಿಗೆ ಡಿಕ್ಕಿಯಾದರೆ ಆಗುವ ಗಾಯವನ್ನು ತಗ್ಗಿಸುವ ನಿಯಮಗಳೂ ಆ ಚೌಕಾಕಾರದ ಮೂತಿಯೊಂದಿಗೆ ರಾಜಿಯಾಗುವಂತಿರಲಿಲ್ಲ. ಮಿಕ್ಕ ಅರ್ಧ ಹೆಚ್ಚು ಹಳೆಯದು. 1970ರ ದಶಕದ ಆರಂಭದಲ್ಲಿ ವರ್ಷಕ್ಕೆ 50,000ಕ್ಕೂ ಹೆಚ್ಚು ಲ್ಯಾಂಡ್ ರೋವರುಗಳು ತಯಾರಾಗುತ್ತಿದ್ದವು. ಕೊನೆಯ ವರ್ಷಗಳಲ್ಲಿ ಆ ಸಂಖ್ಯೆ 20,000ದ ಆಸುಪಾಸಿಗೆ ಇಳಿದಿತ್ತು. ಆಸ್ಟ್ರೇಲಿಯಾದ ದನಗಾವಲುಗಳಲ್ಲೂ ಆಫ್ರಿಕಾದ ಹಳ್ಳಿದಾರಿಗಳಲ್ಲೂ ಭಾರ ಬಿದ್ದಾಗ ಇದರ ಹಿಂಬದಿಯ ಆಕ್ಸಲ್ ಕಡ್ಡಿಗಳು ಮುರಿಯುತ್ತಿದ್ದುದನ್ನು ಕಂಡು ಬೇಸತ್ತ ಗಿರಾಕಿಗಳು, ಯಾವ ಕಾನೂನೂ ಹೇಳದೆಯೇ, ಟೊಯೋಟಾದ ಲ್ಯಾಂಡ್ ಕ್ರೂಸರಿನ ಕಡೆಗೆ ನಡೆದಿದ್ದರು. ದುಡಿಯುವ ಗಿರಾಕಿ ಮೊದಲೇ ಹೋಗಿದ್ದ. ಉಳಿದವನು ನೆನಪನ್ನು ಕೊಳ್ಳುವ ಗಿರಾಕಿ.

ತಿದ್ದುವ ದಾರಿಗಳು ಬೇರೆ ಇರಲಿಲ್ಲವೆಂದೇನೂ ಅಲ್ಲ. ಲ್ಯಾಂಡ್ ಕ್ರೂಸರಿನ 70ನೆಯ ಶ್ರೇಣಿ 1984ರಲ್ಲಿ ಬಂದದ್ದು ಇಂದಿಗೂ ತಯಾರಾಗುತ್ತಿದೆ. ಅದರ ಹೊರರೂಪವನ್ನು ಬಹುಮಟ್ಟಿಗೆ ಹಾಗೇ ಬಿಟ್ಟು, ಎಂಜಿನ್ನು, ಬ್ರೇಕು, ಗಾಳಿಚೀಲಗಳನ್ನು ಮಾತ್ರ ಕಾಲಕಾಲಕ್ಕೆ ಬದಲಿಸುತ್ತ ಬಂದರು. ಆಸ್ಟ್ರೇಲಿಯಾದ ಗಣಿ ಕಂಪನಿಗಳು ತಮ್ಮ ಕೆಲಸಗಾರರು ಓಡಾಡುವ ವಾಹನಕ್ಕೆ ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರಗಳಿರಬೇಕೆಂದು ಪಟ್ಟು ಹಿಡಿದಾಗ, ಅದರ ಒಂದು ಮಾದರಿ 2016ರಲ್ಲಿ ಅದನ್ನೂ ಗಳಿಸಿತು. ಹಳೆಯ ಮೈಗೆ ಹೊಸ ಕಾನೂನು ಒಗ್ಗುವುದೇ ಇಲ್ಲವೆಂಬ ಮಾತಿಗೆ ಇದು ಸಾಕಷ್ಟು ಉತ್ತರ. ಇನ್ನೊಂದು ತುದಿಯಲ್ಲಿ, ಆಸ್ಟ್ರಿಯಾದ ಗ್ರಾಜ್‌ನಲ್ಲಿ 1979ರಿಂದ ತಯಾರಾಗುತ್ತಿರುವ ಮರ್ಸಿಡೀಸ್ ಜಿ ವಾಹನವನ್ನು 2018ರಲ್ಲಿ ಪೂರ್ತಿ ಹೊಸದಾಗಿ ಕಟ್ಟಿ, ಬಾಗಿಲ ಹಿಡಿ, ಸ್ಟೆಪ್ನಿಯ ಮುಚ್ಚಳದಂಥ ಕೆಲವೇ ಬಿಡಿಭಾಗಗಳನ್ನು ಉಳಿಸಿಕೊಂಡರು. ಅದರ ಬಿಡುಗಡೆಗೆಂದು ಡೆಟ್ರಾಯಿಟ್‌ನಲ್ಲಿ 1979ರ ವಾಹನವೊಂದನ್ನು ಬೃಹತ್ತಾದ ಪಾರದರ್ಶಕ ರಾಳದ ಗಟ್ಟಿಯೊಳಗೆ ಮುಳುಗಿಸಿ, ಪ್ರಾಚೀನ ಕೀಟದಂತೆ ಪ್ರದರ್ಶನಕ್ಕಿಟ್ಟದ್ದು ಜಾಹೀರಾತಿನವರ ಚಮತ್ಕಾರ. ಸತ್ತ ಕೀಟವನ್ನಲ್ಲದೆ ಬದುಕಿರುವುದನ್ನು ಯಾರೂ ರಾಳದಲ್ಲಿ ಇಡುವುದಿಲ್ಲವೆಂಬುದು ಅವರಿಗೆ ಹೊಳೆದಿರಲಾರದು.

ಡಿಫೆಂಡರಿಗೆ ಆಯ್ದುಕೊಂಡದ್ದು ಮೂರನೆಯ ದಾರಿ. 2016ರ ಜನವರಿ 29ರಂದು ಸಾಲಿಹಲ್ ಕಾರ್ಖಾನೆಯಿಂದ ಕೊನೆಯ ವಾಹನ ಹೊರಬಂದಾಗ, 1948ರಿಂದ ಆವರೆಗೆ ತಯಾರಾದ ಒಟ್ಟು ಸಂಖ್ಯೆ 20,16,933 ಆಗಿತ್ತು. ಮೂರು ವರ್ಷ ಬಿಟ್ಟು, 2019ರಲ್ಲಿ ಅದೇ ಹೆಸರಿನ ಇನ್ನೊಂದು ವಾಹನ ಫ್ರಾಂಕ್‌ಫರ್ಟಿನಲ್ಲಿ ಅನಾವರಣಗೊಂಡಿತು. ಅದು ತಯಾರಾಗುವುದು ಸ್ಲೊವಾಕಿಯಾದ ನಿತ್ರಾದಲ್ಲಿ. ಇದರಲ್ಲಿ ಏಣಿಯಾಕಾರದ ಚಾಸಿ ಇಲ್ಲ. ಮೈಯೂ ಚಾಸಿಯೂ ಒಂದೇ ಪೆಟ್ಟಿಗೆಯಾಗಿ ಬೆಸೆದುಕೊಂಡ ಮೊನೊಕಾಕ್ ಎಂಬ ರಚನೆ, ಒಂದೊಂದು ಗಾಲಿಯೂ ತಾನೇ ತಾನಾಗಿ ಏರಿಳಿಯುವ ಸಸ್ಪೆನ್ಷನ್. ನಿಷ್ಪಕ್ಷಪಾತವಾಗಿ ಅಳೆದರೆ ಇದು ಹಳೆಯದಕ್ಕಿಂತ ಎಲ್ಲ ಲೆಕ್ಕದಲ್ಲೂ ಮೇಲು: ಹಳೆಯದು ಅರ್ಧ ಮೀಟರು ನೀರಿನಲ್ಲಿ ಇಳಿದರೆ ಇದು 900 ಮಿಲಿಮೀಟರು ಇಳಿಯಬಲ್ಲದು, ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರ ಗಳಿಸಿದೆ, ಮೊಣಕೈಗೆ ಜಾಗವಿದೆ, ಮೊಣಕಾಲು ನೆನೆಯುವುದಿಲ್ಲ. ಒಂದೇ ಒಂದು ಕೊರತೆಯೆಂದರೆ ಮಾಲೀಕನಿಗೆ ಪೂರ್ತಿ ಮಾಡಲು ಏನನ್ನೂ ಉಳಿಸಿಲ್ಲ. ಬೆಟ್ಟದ ತುದಿಯಲ್ಲಿ ಕೆಟ್ಟು ನಿಂತರೆ ಬೇಕಾಗುವುದು ಸುತ್ತಿಗೆಯಲ್ಲ, ಲ್ಯಾಪ್‌ಟಾಪು. ಹೀಗಾಗಿ ಇದನ್ನು ಹಳೆಯದರ ಮರುವಿನ್ಯಾಸವೆನ್ನುವುದಕ್ಕಿಂತ, ಹಳೆಯದನ್ನು ನಿಲ್ಲಿಸಿ ಹೆಸರನ್ನು ದತ್ತು ಕೊಟ್ಟದ್ದೆನ್ನುವುದು ಸರಿ. ನಿಲ್ಲಿಸಿದ್ದು ತಪ್ಪಲ್ಲ, ಬಹುಶಃ ತಡವಾಯಿತು. ಮುಂದುವರಿದಿದೆಯೆಂದು ಸಾರಿದ್ದು ಮಾತ್ರ ವ್ಯಾಪಾರದ ಮಾತು.

ಹಳೆಯ ಆಕಾರ ಯಾರ ಸ್ವತ್ತೆಂಬ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. ಐನಿಯೋಸ್ ಎಂಬ ರಾಸಾಯನಿಕ ಉದ್ಯಮದ ಒಡೆಯ ಜಿಮ್ ರ‍್ಯಾಟ್‌ಕ್ಲಿಫ್, ಡಿಫೆಂಡರ್ ನಿಂತುಹೋದದ್ದನ್ನು ಸಹಿಸದೆ, ಅದೇ ಬಗೆಯ ಚೌಕಾಕಾರದ ವಾಹನವೊಂದನ್ನು ತಾವೇ ತಯಾರಿಸಲು ಹೊರಟು, ಲಂಡನ್ನಿನ ಪಬ್ಬೊಂದರ ಹೆಸರನ್ನೇ ಅದಕ್ಕೆ ಇಟ್ಟು ಗ್ರೆನೇಡಿಯರ್ ಎಂದು ಕರೆದರು. ಡಿಫೆಂಡರಿನ ಆಕಾರವನ್ನು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲು ಟಾಟಾ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್ ಕಂಪನಿ ಮಾಡಿದ ಪ್ರಯತ್ನವನ್ನು 2020ರಲ್ಲಿ ಲಂಡನ್ನಿನ ಹೈಕೋರ್ಟು ತಳ್ಳಿಹಾಕಿತು. ಪರಿಣತರಿಗೆ ಮುಖ್ಯವಾಗಿ ಕಾಣುವ ವ್ಯತ್ಯಾಸಗಳು ಸಾಮಾನ್ಯ ಗಿರಾಕಿಗೆ ಅಷ್ಟು ಮುಖ್ಯವಲ್ಲವೆಂಬುದು ಅಲ್ಲಿ ನಿಂತ ತರ್ಕ. ಗ್ರೆನೇಡಿಯರ್ ಈಗ ಫ್ರಾನ್ಸಿನ ಆಂಬಾಕ್‌ನಲ್ಲಿ, ಬಿ.ಎಂ.ಡಬ್ಲ್ಯು. ಎಂಜಿನ್ನಿನೊಂದಿಗೆ ತಯಾರಾಗುತ್ತಿದೆ. ಏಣಿಯಾಕಾರದ ಚಾಸಿ, ಗಟ್ಟಿ ಆಕ್ಸಲ್ ಎಲ್ಲವೂ ಇದ್ದು, ಬೆಲೆ ಮಾತ್ರ ವಿಲಾಸಿ ವಾಹನಗಳ ಸಾಲಿನಲ್ಲಿದೆ. ಇಂದಿನ ನಿಯಮಗಳೊಳಗೆ ಸರಳತೆಯನ್ನು ಕೊಳ್ಳಲು ಸಿರಿವಂತನಾಗಿರಬೇಕೆಂಬುದು ಈ ಪ್ರಯೋಗದಿಂದ ತಿಳಿದುಬಂದ ಸಂಗತಿ.

ಭಾರತದಲ್ಲಿ ಇದೇ ನಾಟಕ ಸಣ್ಣ ಪ್ರಮಾಣದಲ್ಲಿ ನಡೆಯಿತು. ನಾಗರಹೊಳೆಯ ಸಫಾರಿಗೆ ಹೋದವರಿಗೆ ಗುರುತಿರುವ ಮಾರುತಿ ಜಿಪ್ಸಿ 1985ರಲ್ಲಿ ಬಂದು, ಅಪಘಾತ ಪರೀಕ್ಷೆ ಮತ್ತು ಗಾಳಿಚೀಲದ ನಿಯಮಗಳು ಬಂದಾಗ 2019ರಲ್ಲಿ ಸಾಮಾನ್ಯ ಮಾರುಕಟ್ಟೆಯಿಂದ ಹೊರಬಿದ್ದಿತು. 2023ರಲ್ಲಿ ಅದೇ ಕಂಪನಿ ತಂದ ಐದು ಬಾಗಿಲಿನ ಜಿಮ್ನಿ ಜಿಪ್ಸಿಗಿಂತ ಸುರಕ್ಷಿತವಾದರೂ, ಮೇಲ್ಛಾವಣಿ ತೆಗೆದು ಆನೆ ನೋಡಲು ಎದ್ದು ನಿಲ್ಲುವಂತಿಲ್ಲ. ಇತ್ತ ಡಾರ್ಜಿಲಿಂಗ್ ಜಿಲ್ಲೆಯ ಮಾನೆಭಂಜಾಂಗ್‌ನಲ್ಲಿ 1950ರ ದಶಕದ ಲ್ಯಾಂಡ್ ರೋವರುಗಳು 3,636 ಮೀಟರು ಎತ್ತರದ ಸಂದಕ್‌ಫುವಿಗೆ ಪ್ರವಾಸಿಗರನ್ನು ದಶಕಗಳ ಕಾಲ ಹೊತ್ತಿವೆ. ಅವುಗಳಲ್ಲಿ ಕೆಲವುಗಳ ಮೂಲ ಎಂಜಿನ್ನು ಎಂದೋ ಹೋಗಿ ಆ ಜಾಗದಲ್ಲಿ ಮಹೀಂದ್ರದ ಡೀಸೆಲ್ ಎಂಜಿನ್ನು ಕುಳಿತಿದೆ. ತಿದ್ದಬೇಕೋ ನಿಲ್ಲಿಸಬೇಕೋ ಎಂದು ಸಾಲಿಹಲ್‌ನಲ್ಲಿ ಸಭೆಗಳು ನಡೆಯುತ್ತಿದ್ದ ಕಾಲದಲ್ಲಿ, ಆ ಊರಿನ ಮೆಕ್ಯಾನಿಕರು ಯಾರ ಅಪ್ಪಣೆಗೂ ಕಾಯದೆ ಬಾನೆಟ್ಟು ಎತ್ತಿ ಕೆಲಸ ಮುಗಿಸಿದ್ದರು.