ಮಲಗುವುದಕ್ಕೂ ಏಳುವುದಕ್ಕೂ ಹಾಸಿಗೆ

ಮನುಷ್ಯನು ತನ್ನ ಆಯುಷ್ಯದ ಸುಮಾರು ಮೂರನೆಯ ಒಂದು ಭಾಗವನ್ನು ಹಾಸಿಗೆಯ ಮೇಲೆಯೇ ಕಳೆಯುತ್ತಾನೆ. ಬಾಣಂತನ, ಬೇನೆ, ಮುಪ್ಪು, ಕಡೆಯ ಉಸಿರು ಇವೆಲ್ಲಕ್ಕೂ ಹಾಸಿಗೆಯೇ ಸಾಕ್ಷಿಯಾಗಿರುತ್ತದೆ. ಆದರೂ ಮನೆಗೆ ಬೇಕಾದ ವಸ್ತುಗಳ ಪಟ್ಟಿಯಲ್ಲಿ ಅದಕ್ಕೆ ದೊರೆಯುವುದು ಕಡೆಯ ಸ್ಥಾನ. ಬಂದವರ ಕಣ್ಣಿಗೆ ಬೀಳುವ ಪಡಸಾಲೆಯ ಪೀಠೋಪಕರಣಗಳಿಗೆ ನಾವು ತೋರುವ ಮುತುವರ್ಜಿಯು ಒಳಕೋಣೆಯ ಹಾಸಿಗೆಗೆ ಸಲ್ಲುವುದಿಲ್ಲ. ಹರಿದಾಗ ಹೊಲಿದು, ಕುಸಿದಾಗ ಮಗ್ಗುಲು ಬದಲಿಸಿ, ಹೇಗೋ ದಿನ ನೂಕುತ್ತೇವೆ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ನಮಗೆಲ್ಲ ಚಿರಪರಿಚಿತವಾದುದು. ಅದು ಆದಾಯದ ಮಿತಿಯರಿತು ವೆಚ್ಚ ಮಾಡಬೇಕೆಂಬ ವಿವೇಕದ ಮಾತು. ಆ ಅರ್ಥದಲ್ಲಿ ಅದು ಎಂದೆಂದಿಗೂ ಸತ್ಯ. ಆದರೆ ನಿಜವಾದ ಹಾಸಿಗೆಯನ್ನೇ ಕೊಳ್ಳಲು ಹೊರಟವನು ಈ ಗಾದೆಯನ್ನು ತಿರುಗಿಸಿ ಓದಿಕೊಳ್ಳಬೇಕಾಗುತ್ತದೆ. ಅಲ್ಲಿ ಕಾಲಿನ ಅಳತೆಗೆ ಹಾಸಿಗೆ ಒದಗಬೇಕೇ ಹೊರತು ಹಾಸಿಗೆಯ ಅಳತೆಗೆ ಕಾಲಲ್ಲ. ಕಳೆದ ಬೇಸಗೆಯಲ್ಲಿ ಅವ್ವನಿಗಾಗಿ ಹಾಸಿಗೆಯನ್ನು ಅರಸುವಾಗ ಈ ಮಾತಿನ ಅರ್ಥ ನನಗೆ ಸ್ಪಷ್ಟವಾಯಿತು.

ಮೊದಲು ಪದದ ವಿಚಾರವನ್ನಿಷ್ಟು ನೋಡೋಣ. ‘ಹಾಸು’ ಎಂಬ ಕ್ರಿಯಾಪದದಿಂದ ಹುಟ್ಟಿದ್ದು ‘ಹಾಸಿಗೆ’. ಹಳಗನ್ನಡದಲ್ಲಿ ಇದೇ ಕ್ರಿಯಾಪದ ‘ಪಾಸು’ ಎಂದಿತ್ತು. ಹಾಸಿದ್ದೆಲ್ಲವೂ ಹಾಸಿಗೆಯೇ. ಚಾಪೆ, ಕಂಬಳಿ, ಜಮಖಾನೆ, ಕೌದಿ ಎಲ್ಲವೂ ಈ ಒಂದು ಪದದಲ್ಲಿ ಅಡಗುತ್ತವೆ. ಹತ್ತಿ ತುಂಬಿದ ದಪ್ಪ ಹಾಸಿಗೆಗೆ ನಮ್ಮ ಉತ್ತರ ಕರ್ನಾಟಕದಲ್ಲಿ ‘ಗಾದಿ’ ಎನ್ನುತ್ತಾರೆ. ಅರಸನು ಪಟ್ಟವೇರಿದಾಗಲೂ ‘ಗಾದಿ ಏರಿದ’ ಎನ್ನುವುದುಂಟು. ಮಲಗುವ ಬಡವನ ಹಾಸಿಗೆಗೂ ಆಳುವ ದೊರೆಯ ಪೀಠಕ್ಕೂ ಒಂದೇ ಹೆಸರು. ಮೆತ್ತನೆಯ ಹಾಸಿಗೆ ಎಂದರೆ ದೊಡ್ಡವರ ಸೊತ್ತು, ಸುಖಪುರುಷರ ಸೊತ್ತು ಎಂಬ ಭಾವನೆ ಜನಮನದಲ್ಲಿ ಬೇರೂರಿರುವುದಕ್ಕೆ ಈ ಹೆಸರೂ ಒಂದು ಕುರುಹಾಗಿರಬಹುದೇನೋ.

ನಮ್ಮ ಮನೆಯಲ್ಲಿಯೂ ಒಂದು ಗಾದಿಯಿದೆ. ಅವ್ವನ ಮದುವೆಯಲ್ಲಿ ತವರಿನವರು ತಮ್ಮ ಹೊಲದ ಹತ್ತಿಯನ್ನೇ ತುಂಬಿಸಿ ಕೊಟ್ಟದ್ದು. ಧಾರವಾಡ, ಗದಗ ಸೀಮೆಯ ಎರೆಭೂಮಿಯು ಹತ್ತಿಗೆ ಹೆಸರಾದುದು. ‘ಜಯಧರ’ ಎಂಬ ದೇಸಿ ತಳಿಯನ್ನು ಇಲ್ಲಿನ ರೈತರು ದಶಕಗಳ ಕಾಲ ಬೆಳೆದರು. ಆರು ವರ್ಷಗಳ ಹಿಂದೆ ಅಪ್ಪ ತೀರಿಕೊಂಡ ಮೇಲೆ ಅವ್ವ ಆ ಗಾದಿಯನ್ನು ಸುತ್ತಿ ಅಟ್ಟಕ್ಕೆ ಏರಿಸಿದಳು. ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೊಂದು ಕೌದಿ ಹಾಕಿಕೊಂಡು ಮಲಗತೊಡಗಿದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಬೇಡವೆಂದು ನಾವೆಲ್ಲ ಹೇಳಿದರೂ ಕೇಳಲಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸು ಸುಖದ ಸೊತ್ತುಗಳನ್ನು ತಾನಾಗಿಯೇ ದೂರವಿಡಬೇಕೆಂಬ ಹಳೆಯ ರೂಢಿಯು ಎಷ್ಟು ಆಳದಲ್ಲಿ ಕೆಲಸ ಮಾಡುತ್ತದೆ ಎಂಬುದು ಆಗ ನನಗೆ ತಿಳಿಯಿತು.

ಈಗ ಅವ್ವನಿಗೆ ಅರವತ್ತೆಂಟು. ಮೊಣಕಾಲಿನ ಕೀಲುಗಳು ಸವೆದಿವೆ. ಬೆಳಗಿನ ಜಾವ ಏಳುವಾಗ ಮೊದಲು ಮಗ್ಗುಲಾಗಿ, ಅನಂತರ ಅಂಗೈ ಮೊಣಕಾಲುಗಳನ್ನು ಊರಿ, ಕಿಟಕಿಯ ಸರಳನ್ನು ಹಿಡಿದು ಮೇಲೇಳಬೇಕು. ಇಷ್ಟಕ್ಕೇ ನಾಲ್ಕೈದು ನಿಮಿಷ ಹಿಡಿಯುತ್ತದೆ. ನೆಲದಿಂದೇಳುವುದನ್ನು ಬಿಡಬೇಕು, ಮಂಚದ ಮೇಲೆ ಮಲಗಬೇಕು ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಅವ್ವನ ಉತ್ತರ ಸಿದ್ಧವಾಗಿತ್ತು: “ನಾ ಏನ್ ಬಾಣಂತಿ ಅದೀನೇನು, ಮೆತ್ತಗಿನ ಹಾಸಿಗಿ ಹುಡುಕಾಕ? ನೆಲಾ ಗಟ್ಟಿ ಇದ್ರ ಬೆನ್ನೂ ಗಟ್ಟಿ ಇರತೈತಿ.”

ಈ ಮಾತಿನಲ್ಲಿ ಎರಡು ನಂಬಿಕೆಗಳು ಬೆಸೆದುಕೊಂಡಿವೆ. ಮೆತ್ತನೆಯದು ಭೋಗ ಎಂಬುದು ಒಂದು. ಗಟ್ಟಿಯಾದುದು ಆರೋಗ್ಯ ಎಂಬುದು ಇನ್ನೊಂದು. ಎರಡನ್ನೂ ಬಿಡಿಸಿ ನೋಡುವುದು ಒಳಿತು.

ಗಟ್ಟಿ ಹಾಸಿಗೆಯೇ ಬೆನ್ನಿಗೆ ಹಿತವೆಂದು ಬಹುಕಾಲ ವೈದ್ಯರೂ ಹೇಳುತ್ತಿದ್ದರು. 2003ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ಒಂದು ಅಧ್ಯಯನ ಪ್ರಕಟವಾಯಿತು. ದೀರ್ಘಕಾಲದ ಸೊಂಟನೋವಿನಿಂದ ಬಳಲುತ್ತಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿಯಾದ, ಉಳಿದವರಿಗೆ ಮಧ್ಯಮ ಗಟ್ಟಿತನದ ಹಾಸಿಗೆಗಳನ್ನು ಕೊಟ್ಟು 90 ದಿನಗಳ ಬಳಿಕ ಪರಿಶೀಲಿಸಿದರು. ಮಲಗಿದಾಗಿನ ನೋವು, ಏಳುವಾಗಿನ ನೋವು ಎರಡೂ ಮಧ್ಯಮ ಹಾಸಿಗೆಯಲ್ಲಿ ಮಲಗಿದವರಲ್ಲಿಯೇ ಹೆಚ್ಚು ತಗ್ಗಿದ್ದವು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಮ್ಮ ದೇಹವು ಹಲಗೆಯಂತೆ ಸಪಾಟಾಗಿಲ್ಲ. ಹೆಗಲು, ನಡು, ಸೊಂಟಗಳಲ್ಲಿ ಏರಿಳಿತವಿದೆ. ಬಿರುಸಾದ ನೆಲವು ಹೆಗಲನ್ನೂ ಸೊಂಟವನ್ನೂ ಒತ್ತುತ್ತದೆ, ನಡುವನ್ನು ಆಧಾರವಿಲ್ಲದೆ ಬಿಡುತ್ತದೆ. ಅತಿ ಮೆತ್ತನೆಯ ಹಾಸಿಗೆಯಲ್ಲಿ ಸೊಂಟವು ತೊಟ್ಟಿಲಲ್ಲಿ ಇಳಿದಂತೆ ಇಳಿಯುತ್ತದೆ. ಇವೆರಡರ ನಡುವಣ ದಾರಿಯೇ ಶರೀರಕ್ಕೆ ಒಗ್ಗುವಂಥದು.

ಭೋಗದ ಮಾತಿಗೆ ಮಾತ್ರ ಯಾವ ಅಧ್ಯಯನವೂ ಉತ್ತರವಾಗಲಾರದು. “ಅವ್ವಾ, ಔಷಧಾ ಕುಡಿಯಾಕ ಯಾರೂ ನಾಚೂದಿಲ್ಲ. ಇದೂ ಮೊಣಕಾಲಿನ ಔಷಧ ಅಂತ ತಿಳಕೋ” ಎಂದೆ. ಎರಡು ದಿನ ಅವ್ವ ಏನೂ ಹೇಳಲಿಲ್ಲ. ಮೂರನೆಯ ದಿನ ತಾನಾಗಿಯೇ ಕರೆದು ಷರತ್ತುಗಳನ್ನು ಮುಂದಿಟ್ಟಳು: “ಮಂಚದ ಮ್ಯಾಲೆ ಮಲಕೋತೀನಿ. ಆದ್ರ ನನ್ನ ಕೌದಿ ಮ್ಯಾಲಿರಬೇಕು. ಹಳೀ ಗಾದಿ ಒಗಿಯಾಕ ಹೋಗಬ್ಯಾಡ.” ಈ ಎರಡು ಷರತ್ತುಗಳನ್ನು ಹೊತ್ತು ನಾನು ಹುಬ್ಬಳ್ಳಿಯ ಅಂಗಡಿಗಳನ್ನು ಸುತ್ತಿದೆ.

ಅಂಗಡಿಯಲ್ಲಿ ಹಾಸಿಗೆಗಿಂತ ಹೆಸರುಗಳೇ ಹೆಚ್ಚು. ಅವುಗಳ ಒಳಗೇನಿದೆ ಎಂಬುದನ್ನು ಓದುಗರ ಉಪಯೋಗಕ್ಕಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲನೆಯದು ತೆಂಗಿನ ನಾರಿನ ಹಾಸಿಗೆ. ನಾರನ್ನು ಹುರಿಯಾಗಿ ಹೊಸೆದು ಬಿಸಿ ಹಾಯಿಸಿ ಮತ್ತೆ ಬಿಚ್ಚಿದಾಗ ಅದು ಗುಂಗುರು ಕೂದಲಿನಂತೆ ಸುರುಳಿಗೊಳ್ಳುತ್ತದೆ. ಅದರ ಮೇಲೆ ರಬ್ಬರ್ ಹಾಲನ್ನು ಸಿಂಪಡಿಸಿ, ಒತ್ತಿ, ಕಾಯಿಸಿ ಹದಗೊಳಿಸುತ್ತಾರೆ. 1962ರಲ್ಲಿ ಆರಂಭವಾದ ಕರ್ನಾಟಕದ ಕರ್ಲಾನ್ ಸಂಸ್ಥೆಯಿಂದಾಗಿ ಇಂಥ ಹಾಸಿಗೆ ನಮ್ಮಲ್ಲಿ ಮನೆಮಾತಾಯಿತು. ಆ ಸಂಸ್ಥೆಯನ್ನು 2023ರಲ್ಲಿ ಶೀಲಾ ಫೋಮ್ ಕೊಂಡುಕೊಂಡಿತು. ನಾರಿನ ಹಾಸಿಗೆ ಗಟ್ಟಿ, ಅದರೊಳಗೆ ಗಾಳಿಯೂ ಆಡುತ್ತದೆ. ವರ್ಷಗಳು ಕಳೆದಂತೆ ಮಲಗುವ ಜಾಗ ತಗ್ಗಾಗುವುದು ಅದರ ಕೊರತೆ.

ಎರಡನೆಯದು ಫೋಮ್. ಮಾರುವವರು 32 ಡೆನ್ಸಿಟಿ, 40 ಡೆನ್ಸಿಟಿ ಎಂದು ಹೇಳುತ್ತಾರೆ. ಅದು ಒಂದು ಘನ ಮೀಟರಿನಲ್ಲಿ ಎಷ್ಟು ಕಿಲೋ ತೂಕದ ಫೋಮ್ ಇದೆ ಎಂಬ ಲೆಕ್ಕವೇ ಹೊರತು ಗಟ್ಟಿತನದ ಅಳತೆಯಲ್ಲ. ಡೆನ್ಸಿಟಿ ಹೆಚ್ಚಿದ್ದರೆ ಸಾಮಾನ್ಯವಾಗಿ ಬಾಳಿಕೆ ಹೆಚ್ಚು. ಗಟ್ಟಿಯೋ ಮೆತ್ತಗೋ ಎಂಬುದನ್ನು ಮಲಗಿಯೇ ತಿಳಿಯಬೇಕು. ಮೂರನೆಯದು ಮೆಮೊರಿ ಫೋಮ್. ವಿಮಾನದ ಆಸನಗಳಿಗಾಗಿ 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ವಸ್ತುವಿದು. ಮೈಯ ಶಾಖಕ್ಕೆ ಮೆದುವಾಗಿ ದೇಹದ ಆಕಾರವನ್ನು ತಾಳುತ್ತದೆ, ಎದ್ದ ಬಳಿಕ ಮೆಲ್ಲಗೆ ಮೊದಲಿನಂತಾಗುತ್ತದೆ. ಅದು ನೆನಪಿಟ್ಟುಕೊಳ್ಳುವುದು ಮಲಗಿದವರನ್ನಲ್ಲ, ತನ್ನದೇ ಮೂಲ ಆಕಾರವನ್ನು! ಮಲಗಿದವರನ್ನು ನೆನಪಿಟ್ಟುಕೊಳ್ಳುವುದು ಹತ್ತಿಯ ಗಾದಿ. ಅಪ್ಪ ಮಲಗುತ್ತಿದ್ದ ಮಗ್ಗುಲಿನ ತಗ್ಗು ನಮ್ಮ ಗಾದಿಯಲ್ಲಿ ಇನ್ನೂ ಇತ್ತು. ಮೆಮೊರಿ ಫೋಮ್ ಶಾಖವನ್ನು ಹಿಡಿದಿಡುವುದರಿಂದ ನಮ್ಮ ಸೀಮೆಯ ಬೇಸಗೆಗೆ ಅಷ್ಟಾಗಿ ಹೊಂದುವುದಿಲ್ಲ. ಅದರಲ್ಲಿ ಹೂತಂತೆ ಮಲಗಿದ ವೃದ್ಧರಿಗೆ ಮಗ್ಗುಲು ಬದಲಿಸುವುದೂ ಪ್ರಯಾಸ. ಇನ್ನು ರಬ್ಬರ್ ಮರದ ಹಾಲಿನಿಂದ ಮಾಡಿದ ಲ್ಯಾಟೆಕ್ಸ್ ಹಾಸಿಗೆ ಪುಟಿಯುವ ಗುಣದ್ದು; ಆದರೆ ಭಾರ ಹೆಚ್ಚು, ಬೆಲೆಯೂ ಹೆಚ್ಚು. ಸ್ಪ್ರಿಂಗ್ ಹಾಸಿಗೆಗಳಲ್ಲಿ ಎಲ್ಲ ಸುರುಳಿಗಳನ್ನೂ ಒಂದಕ್ಕೊಂದು ಹೆಣೆದದ್ದು ಒಂದು ಬಗೆ, ಪ್ರತಿ ಸುರುಳಿಗೂ ಬೇರೆ ಬಟ್ಟೆಯ ಚೀಲವಿರುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಒಬ್ಬರು ಹೊರಳಿದರೆ ಪಕ್ಕದವರಿಗೆ ಅದರ ಅಲುಗಾಟ ಕಡಿಮೆ.

ಬಹಳ ಹಾಸಿಗೆಗಳ ಮೇಲೆ ‘ಆರ್ಥೋಪೆಡಿಕ್’ ಎಂದು ಬರೆದಿರುತ್ತದೆ. ಅದು ಮಾರುವವರು ಇಟ್ಟ ಹೆಸರು, ವೈದ್ಯರು ಬರೆದುಕೊಟ್ಟ ಚೀಟಿಯಲ್ಲ ಎಂಬುದನ್ನು ನೆನಪಿಡಬೇಕು.

ಒಂದು ಅಂಗಡಿಯವನು ಎಂಟು ಇಂಚು ದಪ್ಪದ ಹಾಸಿಗೆಯನ್ನು ತೋರಿಸಿ, “ಫೈವ್ ಸ್ಟಾರ್ ಹೋಟೆಲಿನ್ಯಾಗ ಇರೋದು ಇದೇ ರೀ ಸರ್, ತಾಯಿಯವರಿಗೆ ಇದನ್ನೇ ಒಯ್ಯಿರಿ” ಎಂದ. ಕೈಯೊತ್ತಿ ನೋಡಿದರೆ ಹಿತವಾಗಿಯೇ ಇತ್ತು. ಆದರೆ ನನ್ನ ಜೇಬಿನಲ್ಲಿ ಒಂದು ಚೀಟಿಯಿತ್ತು. ಮನೆಯಿಂದ ಹೊರಡುವ ಮುನ್ನ ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ, ಮೊಣಕಾಲಿನ ಹಿಂಬದಿಯ ಮಡಿಕೆಯಿಂದ ನೆಲದವರೆಗಿನ ಎತ್ತರವನ್ನು ದರ್ಜಿಯ ಟೇಪಿನಿಂದ ಅಳೆದು ಬರೆದುಕೊಂಡಿದ್ದೆ: 16 ಇಂಚು. ಹಳೆಯ ತೇಗದ ಮಂಚದ ಹಲಗೆಯ ಎತ್ತರ 12 ಇಂಚು. ಅದರ ಮೇಲೆ ಎಂಟು ಇಂಚಿನ ಹಾಸಿಗೆ ಬಂದರೆ ಅವ್ವನ ಕಾಲು ಗಾಳಿಯಲ್ಲಿ ತೂಗುತ್ತದೆ. ರಾತ್ರಿ ಎದ್ದಾಗ ನೆಲ ಸಿಗುವ ಮೊದಲೇ ಜಾರಬೇಕಾಗುತ್ತದೆ. ಮಂಚದ ಅಂಚಿನಲ್ಲಿ ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಪೂರ್ತಿ ತಾಗಬೇಕು, ಮೊಣಕಾಲು ಹೆಚ್ಚುಕಡಿಮೆ ಸಮಕೋನದಲ್ಲಿ ಮಡಿಯಬೇಕು. ತೀರ ತಗ್ಗಾದರೆ ನೆಲದಿಂದೆದ್ದಂತೆಯೇ ಕಷ್ಟ. ತೀರ ಎತ್ತರವಾದರೆ ಬೀಳುವ ಭಯ.

ವೃದ್ಧರ ಹಾಸಿಗೆಯ ಗುಟ್ಟು ಇದೇ ಎಂದು ನನಗನ್ನಿಸುತ್ತದೆ. ನಾವು ಹಾಸಿಗೆಯನ್ನು ಮಲಗಿ ಪರೀಕ್ಷಿಸುತ್ತೇವೆ, ಎದ್ದು ಪರೀಕ್ಷಿಸುವುದಿಲ್ಲ. ಹರೆಯದವರಿಗೆ ಏಳುವುದೊಂದು ಕೆಲಸವೇ ಅಲ್ಲ. ಮುಪ್ಪಿನವರಿಗೆ ದಿನದ ಮೊದಲ ಕಾಯಕವೇ ಅದು. ಆ ಕಾಯಕಕ್ಕೆ ನೆರವಾಗುವ ಹಾಸಿಗೆಯೇ ಒಳ್ಳೆಯ ಹಾಸಿಗೆ.

ಹೀಗೆ ಲೆಕ್ಕ ಹಾಕಿ, 72 ಇಂಚು ಉದ್ದ, 36 ಇಂಚು ಅಗಲ, 5 ಇಂಚು ದಪ್ಪದ, ಕೆಳಗೆ ನಾರು ಮೇಲೆ ತೆಳುವಾದ ಫೋಮ್ ಇರುವ ಹಾಸಿಗೆಯನ್ನು ಆರಿಸಿದೆ. ಅಂಚಿನಲ್ಲಿ ಕುಳಿತು ನೋಡಿದೆ. ಒಂದು ಇಂಚಿನಷ್ಟು ಮಾತ್ರ ಕುಗ್ಗಿತು. ಹನ್ನೆರಡು, ಐದು ಸೇರಿ ಹದಿನೇಳು. ಕುಗ್ಗಿದ ಒಂದನ್ನು ಕಳೆದರೆ ಹದಿನಾರು. ಬೆಲೆ 6,500 ರೂಪಾಯಿ. ಸುತ್ತಿ ಬಂದ ಪ್ಲಾಸ್ಟಿಕ್ ಹೊದಿಕೆಯನ್ನು ಅಂದೇ ತೆಗೆದುಹಾಕಿದೆವು. ಹೊಸದಾಗಿಯೇ ಉಳಿಯಲೆಂದು ಅದನ್ನು ತೆಗೆಯದೆ ಮಲಗುವ ಮನೆಗಳನ್ನು ಕಂಡಿದ್ದೇನೆ. ಅದರೊಳಗೆ ಬೆವರಿನ ತೇವ ನಿಂತು ಹಾಸಿಗೆ ಬೇಗ ಕೆಡುತ್ತದೆ. ಫೋಮ್, ರಬ್ಬರ್ ಇರುವ ಹಾಸಿಗೆಯನ್ನು ಹತ್ತಿಯ ಗಾದಿಯಂತೆ ಸುಡುಬಿಸಿಲಿಗೆ ಹಾಕಲೂಬಾರದು. ಮೂರು ತಿಂಗಳಿಗೊಮ್ಮೆ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿದರೆ ತಗ್ಗು ಬೀಳುವುದು ನಿಧಾನವಾಗುತ್ತದೆ.

ಅಟ್ಟದ ಗಾದಿಯ ಷರತ್ತೂ ಇತ್ತಲ್ಲವೆ? ಅರಳೆ ಹಿಂಜುವ ಕಾಯಕವನ್ನು ನಮ್ಮ ಕಡೆ ನದಾಫ, ಪಿಂಜಾರ ಸಮುದಾಯದವರು ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದಾರೆ. ಹಿಂದೆ ದೊಡ್ಡ ಬಿಲ್ಲನ್ನು ಹೆಗಲಿಗೇರಿಸಿ ಮನೆಮನೆಗೆ ಬರುತ್ತಿದ್ದರು. ನಾರಿಯ ಝೇಂಕಾರ ಓಣಿಯ ಆಚೆಗೂ ಕೇಳಿಸುತ್ತಿತ್ತು. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ. ಗಂಟುಗಟ್ಟಿದ ಹತ್ತಿ ಹಿಂಜಿದೊಡನೆ ಗಾಳಿ ತುಂಬಿಕೊಂಡು ಮತ್ತೆ ಅರಳುತ್ತದೆ. ನಲವತ್ತು ವರ್ಷ ಮೀರಿದ ಹಾಸಿಗೆ ಹೀಗೆ ಮರುಹುಟ್ಟು ಪಡೆಯುವುದು ಹತ್ತಿಗೆ ಮಾತ್ರ ಸಾಧ್ಯ. ಕುಸಿದ ಫೋಮನ್ನು ಯಾವ ಬಿಲ್ಲೂ ಎಬ್ಬಿಸಲಾರದು. ಅವ್ವನ ಗಾದಿಯಿಂದ ಎರಡು ತೆಳುವಾದ ಗಾದಿಗಳಾದವು. ಹಿಂಜುವ ಮುನ್ನ ಅವ್ವ ಹಳೆಯ ಗವಸಣಿಗೆಯನ್ನು ಬಿಚ್ಚಿ, ಒಗೆದು, ಮಡಚಿ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಏಕೆಂದು ನಾನು ಕೇಳಲಿಲ್ಲ.

ಮೊದಲ ವಾರ ಅವ್ವ ಚಾಪೆಯನ್ನು ಮಂಚದ ಪಕ್ಕದಲ್ಲಿಯೇ ನಿಲ್ಲಿಸಿಕೊಂಡಿದ್ದಳು. ಅನಂತರ ಅದು ಹಿತ್ತಿಲಿಗೆ ಹೋಯಿತು. ಈಗ ಅದರ ಮೇಲೆ ಹಪ್ಪಳ ಒಣಗುತ್ತಿವೆ. ಕೌದಿ ಮಾತ್ರ ಹೊಸ ಹಾಸಿಗೆಯ ಮೇಲೆ ಹಾಗೆಯೇ ಇದೆ. ಇಂದಿಗೂ ಅವ್ವ ಅದನ್ನು ‘ಗಾದಿ’ ಎನ್ನುವುದಿಲ್ಲ, ‘ನನ್ನ ಔಷಧ’ ಎನ್ನುತ್ತಾಳೆ.

ಓದುಗರಲ್ಲಿ ನನ್ನದೊಂದೇ ವಿನಂತಿ. ಹಿರಿಯರಿಗೆ ಹಾಸಿಗೆ ತರಲು ಹೊರಟಾಗ ಹಣದ ಚೀಲದ ಜೊತೆಗೆ ಅವರ ಮೊಣಕಾಲಿನ ಅಳತೆಯನ್ನೂ ಒಯ್ಯಿರಿ. ಸಾಧ್ಯವಾದರೆ ಅವರನ್ನೇ ಕರೆದೊಯ್ದು, ಅಂಚಿನಲ್ಲಿ ಕೂರಿಸಿ, ತಾವಾಗಿಯೇ ಏಳುವುದನ್ನು ನಿಂತು ನೋಡಿರಿ. ಕೈ ಹಿಡಿಯುವವರಿಲ್ಲದೆ ಅವರು ಎದ್ದು ನಿಂತರೆ, ಆ ಹಾಸಿಗೆಯನ್ನು ನಿಶ್ಚಿಂತೆಯಿಂದ ಮನೆಗೆ ತರಬಹುದು.