ಸೊಂಟದ ಮೇಲಿನ ಕಬ್ಬಿಣ

ನಮ್ಮ ಅಜ್ಜನ ಸೊಂಟದಲ್ಲಿ ಒಂದು ಪಿಸ್ತೂಲಿತ್ತು. ಹೀಗೆಂದರೆ ಕಾಲೇಜಿನ ಗೆಳೆಯರು ನಗುತ್ತಾರೆ. ಕೆಲವರು ಸಿನಿಮಾ ಕಥೆ ಅಂತಾರೆ, ಕೆಲವರು ಪಿಸುದನಿಯಲ್ಲಿ ನಕ್ಸಲೈಟಾ ಅಂತ ಕೇಳ್ತಾರೆ. ಎರಡೂ ಅಲ್ಲ. ಲೈಸೆನ್ಸ್ ಪುಸ್ತಕ ಇದ್ದ, ಮೂರು ವರ್ಷಕ್ಕೊಮ್ಮೆ ಸೀಲು ಬೀಳುತ್ತಿದ್ದ, ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ .32 ಪಿಸ್ತೂಲು. ಅಜ್ಜ 2021ರಲ್ಲಿ ತೀರಿಕೊಂಡ. ಪಿಸ್ತೂಲು ಈಗ ಶಿವಮೊಗ್ಗದ ಒಬ್ಬ ಬಂದೂಕು ವ್ಯಾಪಾರಿಯ ಬೀರುವಿನಲ್ಲಿ, ಅಜ್ಜನ ಹೆಸರಿನ ಚೀಟಿ ಕಟ್ಟಿಸಿಕೊಂಡು ಬಿದ್ದಿದೆ. ಅದನ್ನು ಏನು ಮಾಡಬೇಕು ಅಂತ ನಾವು ಮೊಮ್ಮಕ್ಕಳು ಅಂದಿನಿಂದ ಜಗಳ ಆಡುತ್ತಿದ್ದೇವೆ. ಈ ಜಗಳ ನಮ್ಮ ಒಂದು ಮನೆಯದಲ್ಲ ಅನ್ನಿಸಿ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮೂರು ಭದ್ರಾವತಿ. ಒಂದು ಕಡೆ ಕಬ್ಬಿಣ, ಒಂದು ಕಡೆ ಕಾಗದ. ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿತು. ಕಾಗದ ಕಾರ್ಖಾನೆ 1936ರಲ್ಲಿ ಹುಟ್ಟಿತು. ಅದರ ಹೆಸರಿನಿಂದಲೇ ಕಾಗದನಗರ ಆಯಿತು. ಅಜ್ಜ ಅಲ್ಲಿ ಗೇಟು ಕಾಯುತ್ತಿದ್ದ. ಅದಕ್ಕೂ ಮೊದಲು ಹದಿನೈದು ವರ್ಷ ಸೈನ್ಯದಲ್ಲಿದ್ದ. ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ ಸೇತುವೆ ಕಟ್ಟುವ ಕೆಲಸ. 1971ರ ಯುದ್ಧ ಕಂಡು ಬಂದವನು 1977ರಲ್ಲಿ ಟ್ರಂಕು ಹೊತ್ತು ವಾಪಸು ಬಂದ. ಊರಿಗೆ ಹೋದರೆ ಊರು ಹಾಗೇ ಇತ್ತು. ಊರಿನ ಹೆಸರು ಬರೆಯುವುದಿಲ್ಲ. ನಮ್ಮ ಜನ ಇನ್ನೂ ಅಲ್ಲಿ ಬದುಕಬೇಕು.

ಅಲ್ಲಿ ಮುತ್ತಜ್ಜನಿಗೆ ದರಖಾಸ್ತಿನಲ್ಲಿ ಮಂಜೂರಾದ ಎರಡು ಎಕರೆ ಇತ್ತು. ಮಾರಕೂಡದು ಅಂತ ಸರ್ಕಾರದ ಷರತ್ತೇ ಇದ್ದರೂ ಅದು ಯಾವಾಗಲೋ ದೊಡ್ಡಮನೆಯವರ ಪಾಲಾಗಿತ್ತು. ದೊಡ್ಡಮನೆಯ ಜಗಲಿಯ ಗೋಡೆಗೆ ಜೋಡುನಳಿಗೆ ಕೋವಿ ತೂಗುಹಾಕಿತ್ತು. ಹಂದಿ ಓಡಿಸಲು, ಬೆಳೆ ಕಾಯಲು ಅಂತ ಲೈಸೆನ್ಸು. ಅದರಿಂದ ಎಷ್ಟು ಹಂದಿ ಸತ್ತವೋ ನಾವು ಕಾಣೆವು. ಅದರ ಕೆಳಗೆ ಕೂತೇ ಮುತ್ತಜ್ಜ ಹೆಬ್ಬೆಟ್ಟು ಒತ್ತಿದ್ದು ಮಾತ್ರ ಗೊತ್ತು.

1978ರಲ್ಲಿ ಕಾಯ್ದೆ ಬಂತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಷರತ್ತು ಮೀರಿ ಪರಭಾರೆ ಆಗಿದ್ದರೆ ವಾಪಸು ಕೊಡಿಸುವ ಕಾಯ್ದೆ. ದಲಿತ ಸಂಘರ್ಷ ಸಮಿತಿ ಆಗ ಇದೇ ಭದ್ರಾವತಿಯಲ್ಲಿ ಹುಟ್ಟಿ ನಡೆಯಲು ಕಲಿಯುತ್ತಿತ್ತು. ಪ್ರೊ. ಬಿ. ಕೃಷ್ಣಪ್ಪನವರು ಇಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ಸಂಜೆ ಕೇರಿಗಳಲ್ಲಿ ಬೇರೆ ಪಾಠ ಹೇಳುತ್ತಿದ್ದ ಕಾಲ. ಅಜ್ಜ 1979ರಲ್ಲಿ ಎ.ಸಿ. ಕಚೇರಿಗೆ ಅರ್ಜಿ ಹಾಕಿದ. ಅರ್ಜಿ ಹಾಕಿದ ವಾರಕ್ಕೇ ನಮ್ಮ ಗುಡಿಸಲಿನ ಹಿಂದಿನ ಹುಲ್ಲಿನ ಬಣವೆ ಉರಿದುಹೋಯಿತು. ಯಾರು ಹಚ್ಚಿದರು ಅಂತ ಯಾರೂ ನೋಡಲಿಲ್ಲ. ಇಂಥವನ್ನು ನಮ್ಮೂರಲ್ಲಿ ಯಾರೂ ನೋಡುವುದಿಲ್ಲ.

ಆಮೇಲೆ ಅಜ್ಜ ಇನ್ನೊಂದು ಅರ್ಜಿ ಹಾಕಿದ, ಪಿಸ್ತೂಲಿಗೆ. ನಿವೃತ್ತ ಸೈನಿಕ ಅನ್ನುವ ಒಂದೇ ಬಲ. ಎರಡು ವರ್ಷ ಅಲೆಸಿ ಕೊಟ್ಟರು. 1982ರಲ್ಲಿ, ಮಲೆನಾಡಿನ ಒಬ್ಬ ಮುದಿ ಕಾಫಿ ಸಾಹುಕಾರರು ಮಾರಲಿಟ್ಟಿದ್ದನ್ನು ವ್ಯಾಪಾರಿಯ ಕೈಯಿಂದ ಕೊಂಡ. ಅವರಿಗೆ ಅದನ್ನು ಯಾರೋ ಬಿಳಿ ದೊರೆ ಬಿಟ್ಟುಹೋಗಿದ್ದನಂತೆ. ದೊರೆಯಿಂದ ಸಾಹುಕಾರರಿಗೆ, ಸಾಹುಕಾರರಿಂದ ಮಾದಿಗರ ಕೇರಿಗೆ. ಆ ಪಿಸ್ತೂಲು ಮಾಡಿದಷ್ಟು ದೂರದ ಪ್ರಯಾಣವನ್ನು ನಮ್ಮೂರ ರಥವೂ ಮಾಡಿಲ್ಲ. ರಥ ಕೇರಿಗೆ ಬರುವುದಿಲ್ಲ.

ಈಗಿನ ಪಿಸ್ತೂಲುಗಳ ಮೈಯೆಲ್ಲ ಪ್ಲಾಸ್ಟಿಕ್ಕು ಅಂತ ಕೇಳಿದ್ದೇವೆ. ಇದು ಹಿಡಿಯ ಎರಡು ಬದಿಯ ಕರೀ ಬಿಲ್ಲೆ ಬಿಟ್ಟರೆ ಪೂರ್ತಿ ಉಕ್ಕು. ಅಂಗೈಗಿಂತ ಸ್ವಲ್ಪ ಉದ್ದ, ತೂಕ ಅರ್ಧ ಕಿಲೋದ ಮೇಲೆ ಚೂರು. ಹಿಡಿಯೊಳಗೆ ಎಂಟು ತೋಟಾ ಹಿಡಿಯುವ ಮ್ಯಾಗಜೀನು. ಒಮ್ಮೆ ಕುದುರೆ ಎಳೆದರೆ ಒಂದೇ ಗುಂಡು. ಖಾಲಿ ತೋಟಾ ತಾನೇ ಹೊರಗೆ ಹಾರಿ, ಮುಂದಿನದು ತಾನೇ ಬಂದು ಕೂರುತ್ತದೆ. ಬರ್ಮಿಂಗ್‌ಹ್ಯಾಮಿನ ಈ ಸಾಮಾನನ್ನು 1911ರಲ್ಲಿ ಲಂಡನ್ನಿನ ಪೊಲೀಸರು ಸೊಂಟಕ್ಕೆ ಕಟ್ಟಿಕೊಂಡಿದ್ದರು. ನಮ್ಮ ಕಾನೂನು ಬಂದೂಕುಗಳಲ್ಲೂ ಮಡಿ ಮೈಲಿಗೆ ಮಾಡಿದೆ. 9 ಎಂ.ಎಂ., .303 ಇಂಥವು ಸೈನ್ಯ, ಪೊಲೀಸರ ಪಾಲು, ಸಾಮಾನ್ಯರು ಮುಟ್ಟಕೂಡದು. .32, 12 ಬೋರು ಇಂಥವನ್ನು ಲೈಸೆನ್ಸಿದ್ದರೆ ಮುಟ್ಟಬಹುದು.

ಅದಕ್ಕೆ ಚರ್ಮದ ಚೀಲ ಹೊಲಿದವನು ನಮ್ಮ ಕೇರಿಯ ಒಬ್ಬ ಮುದುಕ. ದೊಡ್ಡಮನೆಯ ಕೋವಿಯ ಪಟ್ಟಿ ಹೊಲಿದದ್ದೂ ಅವನೇ. "ಅವರ ಕೋವಿಗೆ ಹೊಲ್ದೆ, ಅವರ ಎತ್ತಿನ ಬಾರುಕೋಲಿಗೆ ಹೊಲ್ದೆ, ನಮ್ಮೋರ ಸೊಂಟಕ್ಕೆ ಇದೇ ಮೊದ್ಲು ಕಣಪ್ಪ" ಅಂತ ದುಡ್ಡು ಮುಟ್ಟಲಿಲ್ಲವಂತೆ.

ಚೀಲ ಕಟ್ಟಿಕೊಂಡು ಅಜ್ಜ ಮೊದಲ ಸಲ ಊರಿಗೆ ಹೋದ ದಿನದ ಕಥೆಯನ್ನು ನಾವು ನೂರು ಸಲ ಕೇಳಿದ್ದೇವೆ. ಬಸ್ಸಿಳಿದವನು ನೇರ ಹೋಟೆಲಿಗೆ ಹೋಗಿ ನಿಂತ. ಅಂಗಿ ಚೂರು ಎತ್ತಿದ. ಬೆಂಚಿನ ಮೇಲಿದ್ದವರು ಒಬ್ಬೊಬ್ಬರೇ ಎದ್ದು ಹೋದರು. ಹೋಟೆಲಿನವನ ಕೈ ಗಡಗಡ ನಡುಗುತ್ತಿತ್ತು. ಆ ನಡುಗುವ ಕೈಯಿಂದಲೇ ಅವನು ಸೂರಿಗೆ ಸಿಕ್ಕಿಸಿದ್ದ ನಮ್ಮ ಲೋಟ ತೆಗೆದು, ಮೇಲಿನಿಂದ ಟೀ ಸುರಿದ. ಹೆದರಿಕೆ ಬಂತು, ಮೈಲಿಗೆ ಹೋಗಲಿಲ್ಲ. ಅಜ್ಜ ಕುಡಿದನಾ ಅಂತ ಕೇಳಿದರೆ ಪ್ರತಿಸಲ ಒಂದೊಂದು ಥರ ಹೇಳುತ್ತಿದ್ದ.

ಆಯುಧ ಯಾರ ಕೈಯಲ್ಲಿ ಇರಬೇಕು ಅನ್ನುವುದು ಈ ದೇಶದಲ್ಲಿ ಹುಟ್ಟಿನ ಜೊತೆಗೇ ತೀರ್ಮಾನವಾಗುತ್ತದೆ. ಬ್ರಿಟಿಷರ ಸೈನ್ಯದಲ್ಲಿ ಹೋರಾಡಿದ ಮಹಾರರನ್ನು, ಹತ್ತೊಂಬತ್ತನೇ ಶತಮಾನದ ಕೊನೆಗೆ ನೀವು ಯುದ್ಧದ ಜಾತಿಯಲ್ಲ ಅಂತ ಆ ಬ್ರಿಟಿಷರೇ ಹೊರಗಿಟ್ಟರು. ಮಹಾರ್ ರೆಜಿಮೆಂಟು ಕಟ್ಟಲು 1941ರವರೆಗೆ ಕಾಯಬೇಕಾಯಿತು. ಬಾಬಾಸಾಹೇಬರ ತಂದೆ ಸೈನ್ಯದ ಸುಬೇದಾರರಾಗಿದ್ದರು, ಮಗ ಶಾಲೆಯಲ್ಲಿ ನಲ್ಲಿ ಮುಟ್ಟುವಂತಿರಲಿಲ್ಲ. ನಮ್ಮದೇ ರಾಜ್ಯದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು 1861ರಿಂದ ವಿನಾಯಿತಿ ಇದೆ. ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಕೈಲ್‌ಪೊಳ್ದಿನ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ನಮಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ. ಒಬ್ಬರಿಗೆ ಹುಟ್ಟಿದ್ದೇ ಸಾಕಾಗುವ ಕಡೆ ಇನ್ನೊಬ್ಬರು ಕಾರಣ ಬರೆದು ಬರೆದು ಸವೆಯಬೇಕು, ಅಷ್ಟನ್ನು ಗುರುತು ಹಾಕಿಕೊಂಡಿದ್ದೇವೆ. ಅಜ್ಜ ಆಯುಧಪೂಜೆಯ ದಿನ ಪಿಸ್ತೂಲಿಗೆ ಕುಂಕುಮ ಹಚ್ಚಲಿಲ್ಲ. "ಅದಕ್ಕೆ ಬೇಕಾಗಿರೋದು ಎಣ್ಣೆ" ಅನ್ನುತ್ತಿದ್ದ.

ಜಮೀನಿನ ಕೇಸು ನಡೆಯುತ್ತಲೇ ಇತ್ತು. 1978ರ ಕಾಯ್ದೆಯೇ ಸರಿಯಿಲ್ಲ ಅಂತ ಜಮೀನುಳ್ಳವರು ಸುಪ್ರೀಂ ಕೋರ್ಟಿನ ತನಕ ಹೋಗಿದ್ದರು. ಮಂಚೇಗೌಡ ಪ್ರಕರಣದಲ್ಲಿ 1984ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ನಮ್ಮ ಎರಡು ಎಕರೆಯ ಸ್ವಾಧೀನದ ದಿನ ಬಂದದ್ದು 1986ರಲ್ಲಿ. ಹಿಂದಿನ ರಾತ್ರಿ ಸಂಘಟನೆಯ ಹುಡುಗರು ಮನೆಗೆ ಬಂದರು. "ಅಣ್ಣಾ, ನಾಳೆ ಅದು ನಿಮ್ಮ ಸೊಂಟದಲ್ಲಿರಬಾರದು. ಇದ್ದರೆ ಕೇಸು ನಿಮ್ಮ ಹೆಸರಿಗೆ, ಜಮೀನು ಅವರ ಹೆಸರಿಗೆ" ಅಂದರು. ಅಜ್ಜ ರಾತ್ರಿಯೆಲ್ಲ ಯೋಚಿಸಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿ ಹೋದ.

ಸರ್ವೆಯವರು ಸರಪಳಿ ಹಿಡಿದರು. ಕೇರಿಯ ನೂರು ಜನ ಬದುವಿನ ಮೇಲೆ ಕೂತಿದ್ದರು. ಕಲ್ಲು ಬಿದ್ದದ್ದು ಎಲ್ಲ ಮುಗಿದು, ಪೊಲೀಸರ ಜೀಪು ಹೊರಟ ಮೇಲೆ. ಅಜ್ಜಿಯ ಎಡಹುಬ್ಬಿನ ಮೇಲೆ ಇವತ್ತಿಗೂ ಗುರುತಿದೆ. ಆ ಕಣ್ಣು ಆಮೇಲೆ ಸರಿಯಾಗಿ ಕಾಣಲಿಲ್ಲ. ಜಮೀನು ಬಂತು. ಬಂದದ್ದು ಪಿಸ್ತೂಲಿನಿಂದಲ್ಲ, ಜನ ಬದುವಿನ ಮೇಲೆ ಕೂತದ್ದರಿಂದ. ಇದನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಮನೆಯಲ್ಲಿ ಹೇಳುವುದಿಲ್ಲ. "ಅವತ್ತು ತಗಂಡೋಗಿದ್ರೆ..." ಅಂತ ಅಜ್ಜ ಎಷ್ಟೋ ಸಲ ಶುರು ಮಾಡುತ್ತಿದ್ದ. ಅಜ್ಜಿ ಅವನತ್ತ ನೋಡುತ್ತಿದ್ದಳು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಮಾರನೆಯ ದಿನದಿಂದ ಮುಪ್ಪಿನವರೆಗೂ ಗದ್ದೆಗೆ ಹೋಗುವಾಗ ಅದನ್ನು ಬಿಟ್ಟು ಹೋಗಲಿಲ್ಲ. ಬೆವರಿಗೆ ಅದರ ನೀಲಿಗಪ್ಪು ಬಣ್ಣ ಸವೆದು ಬೆಳ್ಳಗಾಯಿತು. ಕೊಂಡಾಗ ತಂದದ್ದು ಇಪ್ಪತ್ತೈದು ತೋಟಾ. ಒಂದೂ ಹಾರಲಿಲ್ಲ. ನವೀಕರಣಕ್ಕೆ ಹೋದಾಗಲೆಲ್ಲ ಎಣಿಸಿದರೆ ಇಪ್ಪತ್ತೈದೇ. ಅಷ್ಟು ಹಳೆಯ ತೋಟಾ ಸಿಡಿಯುತ್ತದೋ ಇಲ್ಲವೋ ಕೊನೆಕೊನೆಗೆ ಅಜ್ಜನಿಗೂ ಗೊತ್ತಿರಲಿಲ್ಲ. ದೊಡ್ಡಮನೆಯವರಿಗೂ ಗೊತ್ತಿರಲಿಲ್ಲ.

ಚುನಾವಣೆ ಬಂದರೆ ಲೈಸೆನ್ಸಿನ ಆಯುಧಗಳನ್ನೆಲ್ಲ ಠಾಣೆಯಲ್ಲಿ ಒಪ್ಪಿಸಬೇಕು. ಸಣ್ಣವರಿದ್ದಾಗ ನಾವೂ ಅಜ್ಜನ ಜೊತೆ ಹೋಗಿದ್ದೇವೆ. ಮಲೆನಾಡಿನ ಠಾಣೆ ಆ ದಿನ ನೋಡಬೇಕು. ಕೇಪಿನ ಕೋವಿ, ಒಂಟಿ ನಳಿಗೆ, ಜೋಡುನಳಿಗೆ, ಗೋಣಿಚೀಲ ಸುತ್ತಿದ್ದು, ಹಳೇ ಪಂಚೆ ಸುತ್ತಿದ್ದು, ಎಲ್ಲ ಗೋಡೆಗೆ ಒರಗಿ ನಿಂತಿರುತ್ತಿದ್ದವು. ಒಮ್ಮೆ ದೊಡ್ಡಮನೆಯ ಯಜಮಾನರೂ ಅದೇ ಸಾಲಿನಲ್ಲಿದ್ದರು. ಅವರ ಕೋವಿ, ಅಜ್ಜನ ಪಿಸ್ತೂಲು ಒಂದೇ ಮೇಜಿನ ಮೇಲೆ, ಒಂದೇ ಥರದ ಚೀಟಿ ಕಟ್ಟಿಸಿಕೊಂಡು ಮಲಗಿದವು. "ನೋಡ್ರೋ, ಸಹಪಂಕ್ತಿ ಭೋಜನ" ಅಂದ ಅಜ್ಜ. ಯಜಮಾನರಿಗೂ ಕೇಳಿಸಿತು.

ಪಿಸ್ತೂಲಿನ ಬಗ್ಗೆ ನಮಗಿದ್ದದ್ದು ಬರೀ ಹೆಮ್ಮೆಯಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಜೀವಂತ ಸುಟ್ಟರು. ಸುಡುವವರಿಗೆ ಕೋವಿ ಬೇಕಾಗಲಿಲ್ಲ, ಬೆಂಕಿ ಸಾಕಾಯಿತು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಸುದ್ದಿ ಬಂದ ರಾತ್ರಿ ಅಜ್ಜ ಪಿಸ್ತೂಲು ಬಿಚ್ಚಿ ಹಾಸಿಕೊಂಡು ಬೆಳಗಿನ ತನಕ ಒರೆಸುತ್ತಿದ್ದನಂತೆ. ಒಂದು ಸೊಂಟದ ಎಂಟು ತೋಟಾ ಒಂದು ಕೇರಿಯನ್ನು ಹೇಗೆ ಕಾಯುತ್ತದೆ?

ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳು ಸಿಕ್ಕವು. ಮೂರನೇ ನಿಯಮ ಓದಿ ಮೈ ಜುಮ್ಮೆಂದಿತು. ದೌರ್ಜನ್ಯಕ್ಕೆ ಒಳಗಾಗುವ ಪ್ರದೇಶ ಅಂತ ಗುರುತಾದ ಕಡೆ ಪರಿಶಿಷ್ಟರಲ್ಲದವರ ಬಂದೂಕು ಲೈಸೆನ್ಸು ರದ್ದು ಮಾಡಬಹುದು, ಆಯುಧಗಳನ್ನು ಸರ್ಕಾರಿ ಶಸ್ತ್ರಾಗಾರದಲ್ಲಿ ಇರಿಸಿಕೊಳ್ಳಬಹುದು, ಜೀವ ಮತ್ತು ಆಸ್ತಿಯ ರಕ್ಷಣೆಗೆ ಅಗತ್ಯವೆನಿಸಿದರೆ ಪರಿಶಿಷ್ಟರಿಗೆ ಲೈಸೆನ್ಸು ಕೊಡಬಹುದು. ಓಡಿಬಂದು ಅಜ್ಜನಿಗೆ ಓದಿ ಹೇಳಿದೆವು. ಅವನು ಮಂಚದ ಮೇಲೆ ಮಲಗಿದ್ದ.

"ಅಗತ್ಯ ಅಂತ ಯಾರಿಗೆ ಅನ್ನಿಸಬೇಕಂತೆ?"

"ಸರ್ಕಾರಕ್ಕೆ."

"ಹುಂ" ಅಂದು ಮಗ್ಗುಲು ಬದಲಿಸಿದ.

ಬಂಡಾಯದ ಹಿರಿಯರು 1979ರಲ್ಲಿ ಕಾವ್ಯವನ್ನು ಖಡ್ಗ ಮಾಡಿ ಅಂದರು. ಅದನ್ನು ನಂಬಿಯೇ ನಾವು ಕವಿತೆ ಬರೆಯಲು ಶುರು ಮಾಡಿದ್ದು. ಆದರೆ ನಮ್ಮ ಕವಿತೆ ಓದಿ ಯಾವ ಹೋಟೆಲಿನವನ ಕೈಯೂ ನಡುಗಿಲ್ಲ ಅನ್ನುವುದನ್ನೂ ಒಪ್ಪಿಕೊಳ್ಳಬೇಕು.

2016ರ ನಿಯಮದ ಪ್ರಕಾರ 70 ದಾಟಿದವರು ಬದುಕಿರುವಾಗಲೇ ಆಯುಧವನ್ನು ವಾರಸುದಾರರಿಗೆ ದಾಟಿಸಲು ಅವಕಾಶವಿದೆ. ಅಜ್ಜ ದಾಟಿಸಲಿಲ್ಲ. ಕೇಳಿದರೆ "ನಿಮಗೆ ಯಾಕೆ?" ಅನ್ನುತ್ತಿದ್ದ. ಅವನು ಹೋದ ಮೇಲೆ ಅದೇ ಪ್ರಶ್ನೆಯನ್ನು ಕಚೇರಿಯೊಂದರ ಗುಮಾಸ್ತರು ಕೇಳಿದರು. ಓದಿದೋರು, ಪದ್ಯ ಗಿದ್ಯ ಬರೆಯೋರು, ನಿಮಗ್ಯಾಕ್ರೀ ಪಿಸ್ತೂಲು? ಜೀವ ಬೆದರಿಕೆ ಇದೆಯಾ? ಯಾರಿಂದ? ದೂರು ಕೊಟ್ಟಿದ್ದೀರಾ? ಎಫ್.ಐ.ಆರ್. ಪ್ರತಿ ಇದೆಯಾ? ಮಾತಿನಲ್ಲಿ ಸಿಟ್ಟಿರಲಿಲ್ಲ. ಅವರ ಹಿಂದಿನ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇತ್ತು.

ಕಾರಣ ಅನ್ನುವ ಜಾಗದಲ್ಲಿ ಏನು ಬರೆಯಬೇಕು? ನಮ್ಮ ತಮ್ಮ ಅಂದ, ಗದ್ದೆ ಅಂತ ಬರಿ. ಕಾಗದ ಕಾರ್ಖಾನೆಯ ಯಂತ್ರ 2015ರಲ್ಲಿ ನಿಂತ ಮೇಲೆ ಅಪ್ಪನೂ ಅವನೂ ಆ ಎರಡು ಎಕರೆಯನ್ನೇ ನಂಬಿದ್ದಾರೆ. ರಾತ್ರಿ ನೀರು ಕಟ್ಟಲು ಹೋಗುವವನು ಅವನು. ಬದುವಿನ ಕಲ್ಲು ವರ್ಷಕ್ಕೊಂದು ಗೇಣು ಸರಿಯುತ್ತಿದೆ ಅನ್ನುತ್ತಾನೆ. ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಲೇಖನ ಬರೆಯುವ ನಾವು, ಅದು ಬೇಡ, ಸರ್ಕಾರಕ್ಕೇ ಒಪ್ಪಿಸೋಣ ಅಂದೆವು. "ನಿಮ್ಮ ರೂಮಿನ ಹಿಂದೆ ಬಣವೆ ಇಲ್ಲ" ಅಂದ. ಆಮೇಲೆ ಎರಡು ತಿಂಗಳು ನಮ್ಮೊಳಗೆ ಮಾತಿರಲಿಲ್ಲ.

ಹೋದ ದೀಪಾವಳಿಗೆ ಎಲ್ಲ ಸೇರಿದಾಗ ಅರ್ಜಿಯ ಹಾಳೆ ನಡುವೆ ಇಟ್ಟುಕೊಂಡು ಮತ್ತೆ ಜಗಳ ಹತ್ತಿತು. ಅಜ್ಜಿ ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಕುಟ್ಟುವುದು ನಿಲ್ಲಿಸಿ, ಕಾಣುವ ಕಣ್ಣಿನ ಕಡೆಗೆ ನಮ್ಮನ್ನೆಲ್ಲ ಕರೆದಳು.

"ಅದನ್ನ ಮನೀಗೆ ತರಬ್ಯಾಡಿ ಕಣ್ರೋ" ಅಂದಳು. ನಾವು ತಮ್ಮನ ಮುಖ ನೋಡಿದೆವು. ಅಜ್ಜಿ ಮತ್ತೆ ಕುಟ್ಟಲು ಶುರು ಮಾಡಿ, ಸ್ವಲ್ಪ ಹೊತ್ತಿನ ಮೇಲೆ ಅಂದಳು, "ಕೊಟ್ಟೂ ಬಿಡಬ್ಯಾಡಿ."

ಅರ್ಜಿಯ ಹಾಳೆ ಇನ್ನೂ ಹಾಗೇ ಇದೆ. ಹೆಸರು, ತಂದೆಯ ಹೆಸರು, ವಿಳಾಸ ತುಂಬಿದ್ದೇವೆ.