ಮಾಮುವಿನ ಬಿದ್ರಿ ಪಾಠ

ನಿಮ್ಮ ಮನೆಯ ಶೋಕೇಸಿನಲ್ಲಿ ಬೀದರಿನ ಕಪ್ಪು ಹೂದಾನಿಯಿದ್ದರೆ ಒಮ್ಮೆ ಕೈಗೆತ್ತಿಕೊಂಡು ನೋಡಿ. ಅದರ ಮೇಲಿನ ಬಿಳಿ ಬಳ್ಳಿ ಬಣ್ಣವಲ್ಲ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಮೈಲುತುತ್ತ ಹಚ್ಚಿ, ಗೆರೆ ಎದ್ದು ಕಾಣುವಂತೆ ಉಳಿಯಿಂದ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿಯನ್ನು ಬಡಿದು ಕೂರಿಸಿದ್ದು.

ನನ್ನ ಮಾಮು ಬದುಕಿಡೀ ಇದೇ ಕೆಲಸ ಮಾಡಿದವರು. ಈಗ ಕಣ್ಣು ಮಂಜಾಗಿದೆ, ಕೈ ಮಾತ್ರ ತಪ್ಪುವುದಿಲ್ಲ. ಗಂಡುಮಕ್ಕಳಿಬ್ಬರೂ ಗಲ್ಫಿನಲ್ಲಿ ಗಾಡಿ ಓಡಿಸುತ್ತಾರೆ. ಅವರನ್ನು ದೂರುವಂತಿಲ್ಲ; ದಿನವಿಡೀ ಬೆನ್ನು ಬಗ್ಗಿಸಿದರೂ ಬೆಳ್ಳಿಯ ಖರ್ಚು ಕಳೆದು ಕೈಗೆ ಸಿಗುವುದು ಅಷ್ಟಕ್ಕಷ್ಟೆ. 2006ರಲ್ಲಿ ಬಿದ್ರಿಗೆ ಜಿ.ಐ. ಮಾನ್ಯತೆ ಸಿಕ್ಕಿತು. 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಮಾಮು ಓಣಿಗೆಲ್ಲ ಮಿಠಾಯಿ ಹಂಚಿದರು. ಆದರೆ ಅವರ ಪಕ್ಕದ ಮಣೆ ಖಾಲಿಯಾಗಿಯೇ ಇತ್ತು.

ಹಾಗಾಗಿ ರಜೆಯ ದಿನಗಳಲ್ಲಿ ಫೋನ್ ಹಿಡಿದು ಅವರೆದುರು ಕುಳಿತೆ. ಹುಮ್ನಾಬಾದಿನಲ್ಲಿರುವ ನನ್ನ ತಂಗಿಯ ಮಗಳು ಆ ವೀಡಿಯೊಗಳನ್ನು ನೋಡಿ, ಮಾಮು ಕೊಟ್ಟಿದ್ದ ಎರಕದ ತುಂಡುಗಳ ಮೇಲೆ ಅಭ್ಯಾಸ ಶುರುಮಾಡಿದಳು. ತಿಂಗಳಾದರೂ ತಂತಿ ಗೆರೆಯಲ್ಲಿ ನಿಲ್ಲದೆ ಎದ್ದು ಬರುತ್ತಿತ್ತು. ಪಾಪ, ಒಂದೊಂದನ್ನೂ ಇಪ್ಪತ್ತು ಸಲ ನೋಡಿದ್ದಳು.

ನನಗೆ ಮದರಸದ ದಿನಗಳು ನೆನಪಾದವು. ತಜ್ವೀದಿನ ನಿಯಮಗಳೆಲ್ಲ ಪುಸ್ತಕದಲ್ಲಿದ್ದವು. ಆದರೂ ಉಸ್ತಾದರು ನಮ್ಮ ಬಾಯಿಂದ ಕೇಳದೆ ಬಿಡುತ್ತಿರಲಿಲ್ಲ. 'ಐನ್' ಗಂಟಲಿನಿಂದ ಸರಿಯಾಗಿ ಹೊರಡುವವರೆಗೆ ಅದೇ ಆಯತ್, ಮತ್ತೆ ಮತ್ತೆ. ನನ್ನ ವೀಡಿಯೊ ಪಾಠ ಹೇಳುತ್ತಿತ್ತು, ಒಪ್ಪಿಸಿಕೊಳ್ಳುತ್ತಿರಲಿಲ್ಲ.

"ನೀನು ಮಾಡುವುದನ್ನೂ ಚಿತ್ರಿಸಿ ಕಳಿಸಮ್ಮ" ಎಂದೆ. ಕಳಿಸಿದಳು. ಮಾಮು ಪರದೆ ನೋಡುವ ಗೋಜಿಗೇ ಹೋಗದೆ ಫೋನನ್ನು ಕಿವಿಗೆ ಹಿಡಿದರು. ಸ್ವಲ್ಪ ಹೊತ್ತು ಸುತ್ತಿಗೆಯ ಸದ್ದು ಕೇಳಿ, ವಾಯ್ಸ್ ಮೆಸೇಜಿನಲ್ಲಿ ಹೇಳಿದರು: "ಬೇಟಿ, ಉಳಿ ಮಲಗಿಬಿಟ್ಟಿದೆ. ಸ್ವಲ್ಪ ಎತ್ತಿ ಹಿಡಿ, ಗೆರೆ ಆಳಕ್ಕಿಳಿಯಲಿ." ವಾರದೊಳಗೆ ತಂತಿ ನಿಂತಿತು.

ಇನ್ನೊಂದು ಪಾಠ ಬಾಕಿಯಿದೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಬೇಕು. ಆಗ ಪಾತ್ರೆ ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಆದೀತೆಂದು ಮಾಮು ನಾಲಿಗೆಯ ಮೇಲಿಟ್ಟು ಹೇಳುತ್ತಾರೆ. ಅದನ್ನೂ ಚಿತ್ರಿಸಿದೆ. ನೋಡಿದವರಿಗೆ ಮುದುಕರೊಬ್ಬರು ಮಣ್ಣು ತಿನ್ನುವುದಷ್ಟೇ ಕಾಣುತ್ತದೆ!

ಬರುವ ಶನಿವಾರ ಹುಡುಗಿ ಬೀದರಿಗೆ ಬರುತ್ತಿದ್ದಾಳೆ. ಮಾಮು ಮೂರು ಬಟ್ಟಲುಗಳಲ್ಲಿ ಮಣ್ಣು ತೆಗೆದಿಟ್ಟಿದ್ದಾರೆ. ಕೋಟೆಯದು ಯಾವುದೆಂದು ನನಗೂ ಹೇಳಿಲ್ಲ.